ಎರಡು ತಿಂಗಳ ಮಗು ರಾತ್ರಿ ಪದೇ ಪದೇ ಎದ್ದು ಅಳುತ್ತದೆ. ನೆಮ್ಮದಿಯಾಗಿ ಮಲಗಿಸುವುದು ಹೇಗೆ?

ಮಗುವಿಗೆ ಹಗಲಿನಲ್ಲಿ ಚೆನ್ನಾಗಿ ಬೆಳಕು ತೋರಿಸಿ, ರಾತ್ರಿ ಕೋಣೆಯನ್ನು ಕತ್ತಲಾಗಿಡಿ. ನಿದ್ದೆಯಲ್ಲಿ ಮಿಸುಕಿದರೆ ತಕ್ಷಣ ಎತ್ತಿಕೊಳ್ಳದೆ ಒಂದೆರಡು ನಿಮಿಷ ಕಾಯಿರಿ.

ಹುಟ್ಟಿದ ಮಗುವಿಗೆ ಹಗಲು ರಾತ್ರಿಗಳ ಭೇದ ತಿಳಿಯದು. ಕತ್ತಲಾದಾಗ ನಿದ್ದೆ ತರುವ ಮೆಲಟೋನಿನ್ ಎಂಬ ಹಾರ್ಮೋನು ಅದರ ದೇಹದಲ್ಲಿ ಲಯಬದ್ಧವಾಗಿ ಸ್ರವಿಸತೊಡಗುವುದು ಸುಮಾರು 3 ತಿಂಗಳ ಹೊತ್ತಿಗೆ, ಮತ್ತು ಆ ಲಯವನ್ನು ರೂಢಿಸುವುದು ಮುಖ್ಯವಾಗಿ ಕಣ್ಣಿಗೆ ಬೀಳುವ ಬೆಳಕು. ನಮ್ಮ ಚಿಕ್ಕಮಗಳೂರಿನ ಕಡೆ ಮಳೆಗಾಲದಲ್ಲಿ ಥಂಡಿಗೆ ಹೆದರಿ ಬಾಣಂತಿ ಕೋಣೆಯ ಕಿಟಕಿಗಳನ್ನು ದಿನವಿಡೀ ಮುಚ್ಚಿಡುವ ವಾಡಿಕೆಯಿದ್ದು, ಅಂಥ ಕೋಣೆಯಲ್ಲಿ ಮಗುವಿಗೆ ಮಧ್ಯಾಹ್ನವೂ ಮಧ್ಯರಾತ್ರಿಯಂತೆಯೇ ಇರುತ್ತದೆ. ಗಾಳಿ ಬೇಡವೆಂದರೆ ಗಾಜಿನ ಕಿಟಕಿಯ ಪರದೆಯನ್ನಾದರೂ ಸರಿಸಿಡಿ.

ಶಿಶುವಿನ ನಿದ್ದೆ ಹೆಚ್ಚುಕಡಿಮೆ 50 ನಿಮಿಷಕ್ಕೊಮ್ಮೆ ಹಗುರಾಗುವುದರಿಂದ ಅದು ಆಗಾಗ ಮುಲುಗುವುದು ಸಹಜ. ಎಷ್ಟೋ ಸಲ ತಾನಾಗಿಯೇ ಮತ್ತೆ ನಿದ್ದೆಗೆ ಜಾರುತ್ತದೆ. ಹಸಿವಿನಿಂದ ಅತ್ತರೆ ಮಂದ ಬೆಳಕಿನಲ್ಲೇ, ಮಾತಾಡಿಸದೆ ಹಾಲೂಡಿಸಿ. ಈ ವಯಸ್ಸಿಗೆ ರಾತ್ರಿಯ ಹಾಲು ಬೇಕೇ ಬೇಕು.

ಚಳಿಯೆಂದು ಕುಲಾವಿ, ಕಂಬಳಿಗಳನ್ನು ಹೇರುವುದು ಅಪಾಯಕರ: ಮೈ ಅತಿಯಾಗಿ ಬಿಸಿಯಾಗಬಹುದು, ಸಡಿಲ ಹೊದಿಕೆ ಮುಖದ ಮೇಲೆ ಬೀಳಬಹುದು. ದೊಡ್ಡವರಿಗಿಂತ ಒಂದು ಪದರ ಹೆಚ್ಚು ಬಟ್ಟೆ ಸಾಕು, ಅಂಗಾತವೇ ಮಲಗಿಸಿ. ಜ್ವರ 38 ಡಿಗ್ರಿ ಸೆಲ್ಸಿಯಸ್ ತಲುಪಿದರೆ ಬೆಳಗಾಗುವವರೆಗೆ ಕಾಯದೆ ವೈದ್ಯರಿಗೆ ತೋರಿಸಿ.