ಫೋನ್ ಮಾಡುವುದಾದರೆ ಬುಧವಾರ ಮಾಡು

ಮೈಸೂರಿನ ಕುವೆಂಪುನಗರದಿಂದ ನೀನು ಕಳಿಸಿದ ಪ್ರಶ್ನೆ ಓದಿದೆ. ಸೆಪ್ಟೆಂಬರಿನಲ್ಲಿ ಗಂಡ ಮತ್ತು ನಾಲ್ಕು ವರ್ಷದ ಮಗನೊಂದಿಗೆ ಜರ್ಮನಿಯ ಮ್ಯೂನಿಕ್ಕಿಗೆ ಹೊರಟಿದ್ದೀಯ. "ಅಕ್ಕಾ, ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಅಲ್ಲಿ ವಾರ ಹೇಗೆ ಸಾಗುತ್ತದೆ? ಸ್ನೇಹಿತರು ಸಿಗುತ್ತಾರೆಯೇ? ರಜೆಯ ದಿನ ಏನು ಮಾಡುತ್ತೀರಿ?" ಎಂದು ಕೇಳಿದ್ದೀಯ. ಸಂಬಳದ ವಿಷಯ ಬಿಟ್ಟು ಇದನ್ನು ಕೇಳಿದೆಯಲ್ಲ, ಅದಕ್ಕೇ ಉದ್ದವಾಗಿ ಬರೆಯುತ್ತಿದ್ದೇನೆ. ಸದ್ಯ ರಜೆಗೆಂದು ಮಂಡ್ಯಕ್ಕೆ ಬಂದಿದ್ದೇನೆ, ಮನೆಯ ಜಗಲಿಯ ಮೇಲೆ ಕುಳಿತಿದ್ದೇನೆ. ಬರೆಯಲು ಕುಳಿತಾಗಿನಿಂದ ಎದುರುಮನೆಯವರು, ಹಾಲಿನವನು, ಅಪ್ಪನ ಹಳೆಯ ಸ್ನೇಹಿತರು ಒಬ್ಬರಾದ ಮೇಲೆ ಒಬ್ಬರು ಬಂದು "ಯಾವಾಗ ಬಂದೆ, ಯಾವಾಗ ಹೊರಡುತ್ತೀಯ" ಎಂದು ವಿಚಾರಿಸಿಕೊಂಡು ಹೋದರು. ಈ ಉತ್ತರ ಅಲ್ಲಲ್ಲಿ ತುಂಡಾಗಿದ್ದರೆ ಅವರನ್ನು ಬೈದುಕೊ.

ನಾನು ಅಲ್ಲಿಗೆ ಹೋದದ್ದು ನವೆಂಬರಿನ ಒಂದು ಶನಿವಾರ ರಾತ್ರಿ. ಮರುದಿನ ಬೆಳಿಗ್ಗೆ ಹಾಲು ತರೋಣ ಎಂದು ಹೊರಟೆ. ಅಂಗಡಿಯ ಬಾಗಿಲು ಹಾಕಿದ್ದರೂ ಪಕ್ಕದ ಸಂದಿಯಲ್ಲಿ ನಿಂತು "ಶೆಟ್ಟರೇ" ಎಂದು ಕೂಗಿದರೆ ಸಾಮಾನು ಸಿಗುವ ಊರಿನವಳು ನಾನು. ಬೀದಿಯಿಂದ ಬೀದಿಗೆ ಸುತ್ತಿದರೂ ತೆರೆದ ಅಂಗಡಿಯಿಲ್ಲ, ಹಾರ್ನ್ ಇಲ್ಲ, ಜನರ ಮಾತಿಲ್ಲ. ಯಾರೋ ದೊಡ್ಡ ಮನುಷ್ಯರು ತೀರಿಕೊಂಡು ಊರು ಬಂದ್ ಆಗಿದೆ ಎಂದೇ ತಿಳಿದೆ. ಕೊನೆಗೆ ಪೆಟ್ರೋಲ್ ಬಂಕಿನಲ್ಲಿ ಹಾಲು ಸಿಕ್ಕಿತು, ಕಣ್ಣು ಕೆಂಪಾಗುವ ಬೆಲೆಗೆ. ಸಂಜೆ ನಾಲ್ಕೂವರೆಗೆ ಕತ್ತಲಾದಾಗ ನಮ್ಮ ಯಜಮಾನರು ಗಡಿಯಾರ ಕೆಟ್ಟಿದೆಯೇ ಎಂದು ನೋಡಿದರು.

ಅಲ್ಲಿ ಭಾನುವಾರದ ವಿಶ್ರಾಂತಿ ಸಂವಿಧಾನದಲ್ಲೇ ಇದೆ. 1919ರ ವೈಮರ್ ಸಂವಿಧಾನದಲ್ಲಿ ಬರೆದದ್ದನ್ನು 1949ರಲ್ಲಿ ಹೊಸ ಸಂವಿಧಾನ ಮಾಡಿಕೊಂಡಾಗಲೂ ಹಾಗೆಯೇ ಉಳಿಸಿಕೊಂಡರು. ಅಂದು ಗೋಡೆಗೆ ಡ್ರಿಲ್ ಹಾಕುವಂತಿಲ್ಲ, ಖಾಲಿ ಗಾಜಿನ ಬಾಟಲಿಗಳನ್ನು ಬೀದಿಯ ತೊಟ್ಟಿಗೆ ಹಾಕಿ ಸದ್ದು ಮಾಡುವಂತಿಲ್ಲ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ವಾರದ ದಿನಗಳಲ್ಲೂ ರಾತ್ರಿ ಎಂಟಕ್ಕೆ ಅಂಗಡಿಗಳು ಮುಚ್ಚುತ್ತವೆ. ಹೀಗಾಗಿ ವಾರದ ಸಂತೆಯೆಲ್ಲ ಶನಿವಾರಕ್ಕೆ ಬೀಳುತ್ತದೆ, ಶನಿವಾರವೂ ಕೆಲಸದ ದಿನವೇ ಆಗುತ್ತದೆ. ಉಳಿದ ಐದು ದಿನಗಳ ಬಗ್ಗೆ ಹೆಚ್ಚು ಹೇಳುವುದೇನಿದೆ? ಬೆಳಿಗ್ಗೆ ಮಗುವನ್ನು ಬಿಡುವುದು, ಸಂಜೆ ಕರೆತರುವುದು, ನಡುವೆ ಕಚೇರಿ. ಪಾತ್ರೆ ತೊಳೆಯಲು, ಕಸ ಗುಡಿಸಲು ಬರುವವರಿಲ್ಲ ಎಂದು ನಿನಗೆ ಗೊತ್ತೇ ಇದೆ. ನಿನ್ನ ಗಂಡನಿಗೂ ಗೊತ್ತಿದೆಯೇ ಎಂದು ಹೊರಡುವ ಮುಂಚೆ ಒಮ್ಮೆ ಕೇಳಿಕೊ. ಮನೆ ಸಿಕ್ಕಿ ಒಳಗೆ ಹೋದ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು, ಉಳಿದ ಕಾಗದಪತ್ರಗಳೆಲ್ಲ ಅದರ ಹಿಂದೆ ಬರುತ್ತವೆ. ಬಾಡಿಗೆಯ ಮಾತು ಬೇಡ, ನನಗೇ ಬೇಸರ.

ಮಗುವಿನ ವಿಷಯ ಮಾತ್ರ ಗಮನವಿಟ್ಟು ಕೇಳು. ನಾಲ್ಕು ವರ್ಷವೆಂದರೆ ಕಿಂಡರ್‌ಗಾರ್ಟನ್. ಮ್ಯೂನಿಕ್ ನಗರಪಾಲಿಕೆಯ ಕಿಟಾ ಫೈಂಡರ್ ಎಂಬ ತಾಣದಲ್ಲಿ ಅರ್ಜಿ ಹಾಕಬೇಕು. ಸೀಟು ಸಿಕ್ಕಿದ ಮೇಲೂ ಮೈಸೂರಿನ ಹಾಗೆ ಮೊದಲ ದಿನವೇ ಗೇಟಿನಲ್ಲಿ ಬಿಟ್ಟು, ಅಳುವ ಮಗುವಿಗೆ ಬೆನ್ನು ಹಾಕಿ ಬರುವ ಪದ್ಧತಿ ಅಲ್ಲಿಲ್ಲ. ಕೆಲವು ವಾರ ತಾಯಿಯೋ ತಂದೆಯೋ ಜೊತೆಯಲ್ಲೇ ಮೂಲೆಯ ಸಣ್ಣ ಕುರ್ಚಿಯಲ್ಲಿ ಕುಳಿತಿರಬೇಕು. ಇವತ್ತು ಒಂದು ಗಂಟೆ, ನಾಳೆ ಸ್ವಲ್ಪ ಹೆಚ್ಚು, ಒಂದು ದಿನ ಐದು ನಿಮಿಷ ಹೊರಗೆ ಹೋಗಿ ಬರುವುದು, ಹೀಗೆ ಮಗು ತಾನೇ ಒಗ್ಗಿಕೊಳ್ಳುವವರೆಗೂ ಕಾಯುತ್ತಾರೆ. ನೀನೂ ಗಂಡನೂ ಒಂದೇ ವಾರ ಹೊಸ ಕೆಲಸಕ್ಕೆ ಸೇರುವ ಲೆಕ್ಕ ಹಾಕಿದ್ದರೆ ಈಗಲೇ ಬದಲಿಸು. ಅವನು ಜರ್ಮನ್ ಕಲಿಯುತ್ತಾನೋ ಎಂಬ ಚಿಂತೆ ಬೇಡ, ನಿಮ್ಮಿಬ್ಬರಿಗಿಂತ ಬೇಗ ಕಲಿಯುತ್ತಾನೆ. ಮನೆಯಲ್ಲಿ ಕನ್ನಡ ಬಿಡಬೇಡಿ. ನನ್ನ ಮಗಳು ಅಜ್ಜನ ಜೊತೆ ಜಗಳವಾಡುವಷ್ಟು ಕನ್ನಡ ಉಳಿಸಿಕೊಂಡಿದ್ದಾಳೆ. ಅದರಲ್ಲಿ ನನ್ನ ಹಟದ ಪಾಲು ದೊಡ್ಡದು, ಹೇಳಿಕೊಳ್ಳಲು ಸಂಕೋಚವಿಲ್ಲ.

ಇನ್ನು ಸ್ನೇಹ. ಅಲ್ಲಿ ಸುಮ್ಮನೆ ಬರುವವರು ಯಾರೂ ಇಲ್ಲ. ಮಕ್ಕಳ ಹುಟ್ಟುಹಬ್ಬದ ಕರೆಯೋಲೆಯಲ್ಲಿ ಶುರುವಾಗುವ ಹೊತ್ತಿನ ಜೊತೆಗೆ ಮುಗಿಯುವ ಹೊತ್ತನ್ನೂ ಬರೆದಿರುತ್ತಾರೆ, ಮೂರರಿಂದ ಆರು. ಆರಕ್ಕೆ ಸರಿಯಾಗಿ ಹೋಗಿ ಮಗುವನ್ನು ಕರೆತರಬೇಕು. "ಕೂತ್ಕೊಳ್ಳಿ, ಕಾಫಿ ಕುಡಿದು ಹೋಗಿ" ಎಂಬ ಮಾತಿಗೆ ಬಾಗಿಲಲ್ಲಿ ಕಾದು ನಿಲ್ಲಬೇಡ. ಅವರಿಗೆ ನಮ್ಮ ಮೇಲೆ ಮುನಿಸಿಲ್ಲ, ಮೂರು ವಾರದ ಮುಂಚೆ ಹೇಳಿದ್ದರೆ ಕೇಕ್ ಮಾಡಿಟ್ಟುಕೊಂಡು ಕಾಯುತ್ತಿದ್ದರು. ಕಚೇರಿಯಲ್ಲಿ ನಿನ್ನ ಹುಟ್ಟುಹಬ್ಬಕ್ಕೆ ಕೇಕ್ ತರಬೇಕಾದವಳು ನೀನೇ. ಒಂದು ದಿನ ಮೊದಲೇ ಯಾರಿಗೂ ಶುಭ ಕೋರಬೇಡ, ಅದನ್ನು ಅಪಶಕುನವೆಂದು ತಿಳಿಯುವವರು ಇದ್ದಾರೆ.

ಜರ್ಮನ್ನರಲ್ಲಿ ಗೆಳೆತನ ಬೇಕಿದ್ದರೆ ಯಾವುದಾದರೂ ಸಂಘಕ್ಕೆ ಸೇರು. ಹಾಡಿಗೆ, ಚೆಸ್‌ಗೆ, ತೋಟಗಾರಿಕೆಗೆ, ಫುಟ್‌ಬಾಲಿಗೆ, ಎಲ್ಲಕ್ಕೂ ಒಂದೊಂದು ಸಂಘವಿದೆ. ನಾನು ಸೇರಿದ್ದು ಬೆಟ್ಟ ಹತ್ತುವವರ ಆಲ್ಪೈನ್ ಸಂಘಕ್ಕೆ, ಅದು 1869ರಲ್ಲಿ ಮ್ಯೂನಿಕ್ಕಿನಲ್ಲೇ ಹುಟ್ಟಿದ್ದು. ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ನಂದಿಯ ಹತ್ತಿರ ಒಮ್ಮೆ ಮಾತ್ರ ಕುಳಿತು ಹತ್ತಿದವಳು ಎಂಬ ಜಂಬದಲ್ಲಿ ಹೋದೆ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಮಾತಾಡುತ್ತಲೇ ನನ್ನನ್ನು ಹಿಂದೆ ಹಾಕಿ ಹೋದರು. ಮೊದಲ ವರ್ಷ ಅವರೆಲ್ಲ ನನ್ನೊಡನೆ ಹವೆಯ ಬಗ್ಗೆ ಮಾತ್ರ ಮಾತಾಡಿದರು. ಎರಡನೆಯ ವರ್ಷ ಅದೇ ಅಜ್ಜಿ ಮನೆಗೆ ಕರೆದು ಸೂಪ್ ಬಡಿಸಿ, ತಮ್ಮ ಮಗನ ವಿಚ್ಛೇದನದ ಕಥೆಯನ್ನೆಲ್ಲ ಹೇಳಿಕೊಂಡರು. ಬಾಗಿಲು ತೆರೆಯುವುದು ತಡ, ತೆರೆದ ಮೇಲೆ ಮುಚ್ಚುವುದಿಲ್ಲ. ಡಾಯ್ಚ್‌ಲ್ಯಾಂಡ್ ಟಿಕೆಟ್ ಎಂಬ ತಿಂಗಳ ಪಾಸು ಮಾಡಿಸಿಕೊ. ನಗರದ ರೈಲು, ಬಸ್ಸುಗಳ ಜೊತೆಗೆ ಪ್ರಾದೇಶಿಕ ರೈಲುಗಳಲ್ಲೂ ನಡೆಯುತ್ತದೆ, ಬೆಟ್ಟದ ಬುಡದವರೆಗೂ ಹೋಗಬಹುದು. ಭಾನುವಾರಕ್ಕೆ ನಮ್ಮ ಉತ್ತರ ಅದೇ: ಬುತ್ತಿಗೆ ಪುಳಿಯೋಗರೆ ಕಟ್ಟಿಕೊಂಡು ಊರು ಬಿಟ್ಟು ಹೊರಗೆ ಹೋಗುವುದು.

ನಮ್ಮವರ ಕೂಟವೂ ಇದೆ, ಹೋಗು. ಮಂಡ್ಯದವರೋ ಮೈಸೂರಿನವರೋ ಎಂಬ ವಿಚಾರಣೆ ಮೊದಲ ಲೋಟ ಪಾನಕ ಮುಗಿಯುವುದರೊಳಗೆ ಆಗಿರುತ್ತದೆ. ನವೆಂಬರ್ 1 ಬವೇರಿಯಾದಲ್ಲೂ ಸರ್ಕಾರಿ ರಜೆ ಎಂದು ಕೇಳಿ ಮೊದಲ ವರ್ಷ ಕುಣಿದಾಡಿದ್ದೆ. ಅವರಿಗೆ ಅದು ಸಕಲ ಸಂತರ ದಿನ, ಸಮಾಧಿಗಳ ಮುಂದೆ ದೀಪ ಇಡುವ ದಿನ. ಅಂದು ಹಾಡು, ಕುಣಿತದ ಸಾರ್ವಜನಿಕ ಮನರಂಜನೆಗೆ ಕಾನೂನಿನ ತಡೆಯಿದೆ. ಹಾಗಾಗಿ ನಮ್ಮ ರಾಜ್ಯೋತ್ಸವ ಸಭಾಂಗಣ ಸಿಕ್ಕ ಯಾವುದೋ ಶನಿವಾರಕ್ಕೆ ಜಾರುತ್ತದೆ. ಕೂಟದಲ್ಲಿ ಒಳ್ಳೆಯ ಜನ ಸಿಗುತ್ತಾರೆ, ಹೊತ್ತಿಗಾಗುತ್ತಾರೆ. ಆದರೆ ವಾರಾಂತ್ಯವನ್ನೆಲ್ಲ ಅಲ್ಲಿಗೇ ಕೊಟ್ಟುಬಿಡಬೇಡ. ಯಾರು ಮನೆ ಕೊಂಡರು, ಯಾರಿಗೆ ಪೌರತ್ವ ಬಂತು ಎಂಬ ಲೆಕ್ಕದಲ್ಲಿ ಮನಸ್ಸು ಸಣ್ಣದಾಗುತ್ತದೆ.

ಈಗ ನೀನು ಕೇಳದೆ ಇದ್ದ ವಿಷಯ. ಸಂಜೆ ಮನೆ ಸೇರಿ, ಮಗುವಿಗೆ ಉಣ್ಣಿಸಿ ಮಲಗಿಸಿ ನೀನು ಎಂಟು ಗಂಟೆಗೆ ಸೋಫಾದಲ್ಲಿ ಕೂರುವಾಗ ಮೈಸೂರಿನಲ್ಲಿ ರಾತ್ರಿ ಹನ್ನೊಂದೂವರೆ ಆಗಿರುತ್ತದೆ. ಅಕ್ಟೋಬರಿನ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದ ಮೇಲೆ ಹನ್ನೆರಡೂವರೆ. ಆ ಹೊತ್ತಿನಲ್ಲಿ ಯಾರನ್ನು ಎಬ್ಬಿಸುತ್ತೀಯ? ಹೀಗೆ ಎಲ್ಲರ ಮನೆಯಲ್ಲೂ ಫೋನು ಭಾನುವಾರಕ್ಕೆ ಹೋಗಿ ನಿಲ್ಲುತ್ತದೆ. ನಮ್ಮ ಮನೆಯಲ್ಲೂ ಹಾಗೇ ಆಯಿತು. ನಮ್ಮ ತಿಂಡಿ ಮುಗಿದ ಮೇಲೆ, ಅವರ ಊಟಕ್ಕೆ ಮುಂಚೆ. ವರ್ಷಗಟ್ಟಲೆ ಒಂದು ಭಾನುವಾರವೂ ತಪ್ಪಿಸಲಿಲ್ಲ ಎಂದು ಹೆಮ್ಮೆಯಿತ್ತು ನನಗೆ.

ಅಪ್ಪ ಆ ಫೋನಿಗೆ ತಯಾರಾಗುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿಕೊಂಡು, ಹೆಣ್ಣು ನೋಡಲು ಬಂದವರ ಎದುರು ಕುಳಿತ ಹಾಗೆ ನೆಟ್ಟಗೆ ಕೂರುತ್ತಿದ್ದರು. ಹೇಳಬೇಕಾದದ್ದನ್ನು ವಾರವಿಡೀ ಕೂಡಿಟ್ಟಿರುತ್ತಿದ್ದರು: ಕೆಆರ್‌ಎಸ್‌ನಲ್ಲಿ ಎಷ್ಟು ಅಡಿ ನೀರಿದೆ, ವಿಶ್ವೇಶ್ವರಯ್ಯ ನಾಲೆಗೆ ಬಿಟ್ಟರೋ ಇಲ್ಲವೋ, ಕಬ್ಬಿನ ಲಾರಿ ಯಾವಾಗ ಬಂತು. ಅಣೆಕಟ್ಟೆ ತುಂಬಿ 124.80 ಅಡಿ ಮುಟ್ಟಿದ ವಾರ ಅವರ ದನಿಯೇ ಬೇರೆ. ಕೊನೆಗೆ "ಇಲ್ಲಿ ಎಲ್ಲ ಚೆನ್ನಾಗಿದೆ, ನೀನು ಚಳಿಗೆ ಹುಷಾರು" ಎಂದು ಫೋನನ್ನು ಅಮ್ಮನಿಗೆ ಕೊಡುತ್ತಿದ್ದರು.

ಒಂದು ಬೇಸಿಗೆಯಲ್ಲಿ ಊರಿಗೆ ಬಂದಾಗ ಬಾಗಿಲು ತೆಗೆಯಲು ಅಪ್ಪನಿಗೆ ತಡವಾಯಿತು. ಒಳಗೆ ಹೋಗಿ ಚಪ್ಪಲಿ ಬಿಡುವಾಗ ಕದದ ಹಿಂದೆ ಒರಗಿಸಿದ್ದ ಊರುಗೋಲು ಕಂಡಿತು. ಹಿಡಿ ಬೆವರು ಹೀರಿ ಕಪ್ಪಾಗಿ ನುಣುಪಾಗಿತ್ತು, ಅಡಿಯ ರಬ್ಬರು ಒಂದು ಮಗ್ಗುಲಿಗೆ ಸವೆದು ಮರ ಇಣುಕುತ್ತಿತ್ತು. ನಿನ್ನೆ ಮೊನ್ನೆ ತಂದ ಕೋಲಲ್ಲ. ಗದ್ದೆಯ ಬದುವಿನಲ್ಲಿ ಜಾರಿ ಬಿದ್ದು ಸೊಂಟ ಪೆಟ್ಟಾಗಿತ್ತಂತೆ, ಹಿಂದಿನ ಮಳೆಗಾಲದಲ್ಲಿ. ಮೊಬೈಲಿನಲ್ಲಿ ಮನುಷ್ಯ ಎದೆಯಿಂದ ಮೇಲೆ ಮಾತ್ರ ಕಾಣುತ್ತಾನೆ. ನನಗೆ ಏಕೆ ಹೇಳಲಿಲ್ಲ ಎಂದು ಅಮ್ಮನ ಮೇಲೆ ರೇಗಿದೆ. "ಹೇಳಿದ್ದರೆ ಏನು ಮಾಡುತ್ತಿದ್ದೆ? ಅಲ್ಲಿ ಕುಳಿತು ಅಳುತ್ತಿದ್ದೆ" ಎಂದು ಅಮ್ಮ ಸಾರಿಗೆ ಒಗ್ಗರಣೆ ಹಾಕಲು ಹೋದರು. ಅದಕ್ಕೆ ಆಗಲೂ ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಅಂದಿನಿಂದ ಬುಧವಾರ ಫೋನ್ ಮಾಡುತ್ತೇನೆ, ಇಲ್ಲವೇ ಮಂಗಳವಾರ, ಯಾವ ದಿನವೆಂದು ಹೇಳದೆ. ಮಧ್ಯಾಹ್ನ ಹನ್ನೆರಡೂವರೆಗೆ ಊಟದ ಬಿಡುವಿನಲ್ಲಿ ಕಚೇರಿಯ ಹೊರಗೆ ನಡೆಯುತ್ತ ಮಾಡಿದರೆ ಇಲ್ಲಿ ಬೇಸಿಗೆಯಲ್ಲಿ ನಾಲ್ಕು, ಚಳಿಗಾಲದಲ್ಲಿ ಐದು. ಕಾಫಿಯ ಹೊತ್ತು. ವಿಡಿಯೋ ಬೇಡ, ಬರಿಯ ದನಿ ಸಾಕು. ಸೊಪ್ಪಿನವಳೊಂದಿಗೆ ಅಪ್ಪನ ಚೌಕಾಸಿ ಕೇಳುತ್ತದೆ, ಕೆಮ್ಮು ಕೇಳುತ್ತದೆ, ಎದ್ದು ಹೋಗುವಾಗ ಕೋಲು ನೆಲಕ್ಕೆ ತಾಗುವ ಸದ್ದು ಕೇಳುತ್ತದೆ. ಅಮ್ಮನಿಗೆ ಅಪ್ಪನನ್ನು ಬೈಯುವುದನ್ನು ನಿಲ್ಲಿಸುವಷ್ಟು ವ್ಯವಧಾನ ಇರುವುದಿಲ್ಲ. ಕೆಲವು ಸಲ "ನಲ್ಲಿಯಲ್ಲಿ ನೀರು ಬಂದಿದೆ, ಆಮೇಲೆ ಮಾಡು" ಎಂದು ಇಟ್ಟುಬಿಡುತ್ತಾರೆ. ಎಲ್ಲವೂ ಚೆನ್ನಾಗಿದೆ ಎಂದು ಆಗ ನಂಬುತ್ತೇನೆ.

ಗೆಳತಿಯರಿಗೂ ಇದೇ ಮಾತು. ಸರಸ್ವತಿಪುರಂನಲ್ಲಿರುವ ನನ್ನ ಸ್ನೇಹಿತೆ ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತಾಳೆ. ಅವಳ ನಡಿಗೆಗೆ ನನ್ನ ಊಟದ ಹೊತ್ತು ಹೊಂದುವ ತಿಂಗಳುಗಳಲ್ಲಿ ನಾವಿಬ್ಬರೂ ಜೊತೆಗೇ ನಡೆಯುತ್ತೇವೆ, ಅವಳು ಮೈಸೂರಿನಲ್ಲಿ, ನಾನು ಮ್ಯೂನಿಕ್ಕಿನಲ್ಲಿ. ಯುಗಾದಿ, ದೀಪಾವಳಿಗೆ ಚಿತ್ರ ಕಳಿಸಿ ಸುಮ್ಮನಾದ ಉಳಿದ ಗೆಳತಿಯರ ಮಕ್ಕಳ ಹೆಸರು ನನಗೆ ಮರೆತುಹೋಗಿವೆ. ಅವರಿಗೂ ನನ್ನ ಮಗಳ ಹೆಸರು ಮರೆತಿರಬೇಕು.

ಸೆಪ್ಟೆಂಬರ್ ಕೊನೆಗೆ ಇಳಿಯುವುದಾದರೆ ತಾತ್ಕಾಲಿಕ ವಸತಿಯನ್ನು ಈಗಲೇ ಕಾದಿರಿಸು. ಅದು ಅಕ್ಟೋಬರ್‌ಫೆಸ್ಟ್ ಕಾಲ, ಹೋಟೆಲುಗಳ ಬೆಲೆ ಮುಗಿಲಿಗೇರಿರುತ್ತದೆ. 1810ರಲ್ಲಿ ಯುವರಾಜ ಲುಡ್ವಿಗ್‌ನ ಮದುವೆಗೆಂದು ಶುರುವಾದ ಜಾತ್ರೆ. ಅರಮನೆಯ ಹಬ್ಬ ಊರ ಹಬ್ಬವಾಗುವುದು ಮೈಸೂರಿನವಳಾದ ನಿನಗೆ ಹೊಸದಲ್ಲ. ಇಲ್ಲಿ ಅಂಬಾರಿ ಹೊರಡುವಾಗ ನೀನು ಅಲ್ಲಿ ಮೀಟಿಂಗಿನಲ್ಲಿ ಇರುತ್ತೀಯ, ಮೊದಲ ವರ್ಷ ಆ ದಿನ ರಜೆ ಹಾಕಿಬಿಡು, ಕೆಲಸವೂ ಸಾಗುವುದಿಲ್ಲ.

ರಾಗಿ ಹಿಟ್ಟು ಹೊತ್ತುಕೊಂಡು ಹೋಗಬೇಡ, ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ. ಮುದ್ದೆ ಕೋಲು ಸಿಗುವುದಿಲ್ಲ, ತೆಗೆದುಕೊಂಡು ಹೋಗು. ಮಗನ ಲಸಿಕೆ ಪುಸ್ತಕ ಮರೆಯಬೇಡ. 2020ರ ಮಾರ್ಚಿನಿಂದ ದಡಾರದ ಲಸಿಕೆ ಆಗಿರುವುದಕ್ಕೆ ದಾಖಲೆ ತೋರಿಸದೆ ಕಿಂಡರ್‌ಗಾರ್ಟನ್‌ಗೆ ಸೇರಿಸಿಕೊಳ್ಳುವುದಿಲ್ಲ. ಎರಡೂ ಡೋಸಿನ ತಾರೀಖು, ವೈದ್ಯರ ಸಹಿ, ಮೊಹರು ಸ್ಪಷ್ಟವಾಗಿವೆಯೇ ನೋಡು. ಇಲ್ಲದಿದ್ದರೆ ಈ ವಾರವೇ ಹೋಗಿ ಬರೆಸಿಕೊ. ಅದನ್ನು ದೊಡ್ಡ ಪೆಟ್ಟಿಗೆಗೆ ಹಾಕದೆ ಕೈಚೀಲದಲ್ಲೇ ಇಟ್ಟುಕೊ.