ಸವಿತಾ ಸಾವಿನ ನಂತರ ಐರ್ಲೆಂಡಿನ ಗರ್ಭಪಾತ ಕಾನೂನು ಬದಲಾಗಿದ್ದು ಪ್ರತಿಭಟನೆಯಿಂದಲೇ? ಶಾಸಕರಿಗೆ ಪತ್ರ ಬರೆಯೋದು ಸುಮ್ನೆ ಟೈಮ್ ವೇಸ್ಟಾ?

ಟೈಮ್ ವೇಸ್ಟ್ ಖಂಡಿತ ಅಲ್ಲ. ನಾನು ಡಬ್ಲಿನ್‌ನಲ್ಲಿರುವವಳು, ಆ ವರ್ಷಗಳನ್ನು ಹತ್ತಿರದಿಂದ ನೋಡಿದ್ದೇನೆ. ಪ್ರತಿಭಟನೆ ಬೇಕೇ ಬೇಕಿತ್ತು. ಆದರೆ ಅದರಿಂದ ಸಿಕ್ಕಿದ್ದು ಸ್ವಲ್ಪವೇ.

ಬೆಳಗಾವಿಯ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೇ ಊರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. 31 ವರ್ಷದ ದಂತವೈದ್ಯೆ, 17 ವಾರದ ಗರ್ಭಿಣಿ. ಗರ್ಭ ಉಳಿಯುವುದಿಲ್ಲ ಅಂತ ಗೊತ್ತಾಗಿತ್ತು. ಅವರೇ ಗರ್ಭಪಾತ ಮಾಡಿ ಅಂತ ಕೇಳಿಕೊಂಡರು. ಭ್ರೂಣದ ಎದೆಬಡಿತ ಇನ್ನೂ ಇದೆ ಅಂತ ಮಾಡಲಿಲ್ಲ. ಅಷ್ಟರಲ್ಲಿ ಮೈಯೆಲ್ಲ ನಂಜೇರಿತು.

ಇದರ ಬೇರು 1983ರ ಎಂಟನೇ ತಿದ್ದುಪಡಿಯಲ್ಲಿತ್ತು. ತಾಯಿಯ ಜೀವಕ್ಕೂ ಹುಟ್ಟದ ಮಗುವಿನ ಜೀವಕ್ಕೂ ಸಮಾನ ಹಕ್ಕು ಅಂತ ಸಂವಿಧಾನದಲ್ಲೇ ಬರೆದಿದ್ದರು. ಇಲ್ಲಿ ಸಂವಿಧಾನ ತಿದ್ದಲು ಸಂಸತ್ತು ಒಪ್ಪಿದರೆ ಸಾಲದು, ಜನರೂ ಓಟು ಹಾಕಿ ಒಪ್ಪಬೇಕು.

ಸುದ್ದಿ ಹೊರಬಿದ್ದಾಗ ಸಾವಿರಾರು ಜನ ಬೀದಿಗಿಳಿದರು. 2013ರಲ್ಲಿ ಒಂದು ಕಾನೂನು ಬಂತು: ತಾಯಿಯ ಜೀವಕ್ಕೇ ಅಪಾಯವಿದ್ದರೆ ಮಾತ್ರ ಗರ್ಭಪಾತ, ಇಲ್ಲದಿದ್ದರೆ 14 ವರ್ಷದವರೆಗೆ ಜೈಲು! ಮಿಕ್ಕವರು ಮೊದಲಿನ ಹಾಗೇ ಇಂಗ್ಲೆಂಡಿಗೆ ವಿಮಾನ ಹತ್ತಬೇಕಿತ್ತು.

ನಿಜವಾದ ಕೆಲಸ ನಡೆದದ್ದು ಆಮೇಲೆ. ಹೋರಾಟಗಾರರು ಒಂದೇ ಬೇಡಿಕೆ ಹಿಡಿದು ಕೂತರು: ಎಂಟನೇ ತಿದ್ದುಪಡಿ ತೆಗೆಯಿರಿ. 2016ರ ಚುನಾವಣೆಯಲ್ಲಿ ಅಭ್ಯರ್ಥಿಗಳಿಗೆ ಇದೇ ಪ್ರಶ್ನೆ ಕೇಳಿದರು. ಚುನಾವಣೆ ಮುಗಿದ ಮೇಲೆ ಸರ್ಕಾರ 99 ಸಾಮಾನ್ಯ ಜನರನ್ನು ಯಾದೃಚ್ಛಿಕವಾಗಿ ಆರಿಸಿ, ನ್ಯಾಯಾಧೀಶೆಯೊಬ್ಬರ ಅಧ್ಯಕ್ಷತೆಯಲ್ಲಿ ಒಂದು ನಾಗರಿಕರ ಸಭೆ ಮಾಡಿತು. ವಿಷಯವನ್ನು ಮೂಲೆಗೆ ತಳ್ಳೋ ಉಪಾಯ ಅಂತ ನನಗೂ ಅನಿಸಿತ್ತು. ಆದರೆ ವೈದ್ಯರ, ವಕೀಲರ, ಹೆಂಗಸರ ಮಾತು ವಾರಾಂತ್ಯಗಳಲ್ಲಿ ಕೂತು ಕೇಳಿದ ಆ ಜನ, ರಾಜಕಾರಣಿಗಳು ಯೋಚಿಸಿದ್ದಕ್ಕಿಂತ ಜಾಸ್ತಿ ಉದಾರವಾದ ಶಿಫಾರಸು ಕೊಟ್ಟರು. ಆಮೇಲೆ ಸಂಸತ್ತಿನ ಸಮಿತಿ ಕೂತಿತು. 2018ರ ಜನವರಿಯಲ್ಲಿ ವಿರೋಧ ಪಕ್ಷದ ನಾಯಕ ಮಿಹಾಲ್ ಮಾರ್ಟಿನ್, ಸ್ವಂತ ಪಕ್ಷದ ಬಹಳಷ್ಟು ಜನ ಒಪ್ಪದಿದ್ದರೂ, ನನ್ನ ನಿಲುವು ಬದಲಾಗಿದೆ, ತಿದ್ದುಪಡಿ ತೆಗೆಯಬೇಕು ಅಂತ ಸದನದಲ್ಲೇ ಹೇಳಿದರು.

ನನ್ನ ಹತ್ತಿರ ಇದ್ದದ್ದು ಭಾರತದ ಪಾಸ್‌ಪೋರ್ಟು. ತಿದ್ದುಪಡಿ ತೆಗೆಯಬೇಕೇ ಅಂತ ಜನರನ್ನೇ ಕೇಳುವ ಜನಮತಗಣನೆಯಲ್ಲಿ ಇಲ್ಲಿನ ನಾಗರಿಕರಿಗೆ ಮಾತ್ರ ಓಟು. ಆದರೆ ಮನೆಮನೆ ಬಾಗಿಲು ತಟ್ಟಿ ಪ್ರಚಾರ ಮಾಡೋಕೆ ಪೌರತ್ವ ಬೇಕಿಲ್ವಲ್ಲ, ಹೋದೆ. ವಾದಕ್ಕೆ ಇಳಿದರೆ ಬಾಗಿಲು ಮುಚ್ಚುತ್ತಿತ್ತು. "ನಿಮಗೇನು ಅನುಮಾನ?" ಅಂತ ಕೇಳಿ ಸುಮ್ಮನಾದರೆ ಜನ ಮಾತಾಡುತ್ತಿದ್ದರು. ವಯಸ್ಸಾದ ಹೆಂಗಸರಂತೂ ಮನೆಯಲ್ಲಿ ಯಾರಿಗೂ ಹೇಳದ ಕಥೆಗಳನ್ನು ಹೇಳುತ್ತಿದ್ದರು. ಸವಿತಾ ಅವರ ತಂದೆಯೂ ಬೆಳಗಾವಿಯಿಂದಲೇ 'ಹೌದು' ಅಂತ ಓಟು ಹಾಕಿ ಎಂದು ಕೇಳಿಕೊಂಡರು.

2018ರ ಮೇ 25ರಂದು ಶೇ. 66.4ರಷ್ಟು ಜನ 'ಹೌದು' ಅಂದರು. 40 ಕ್ಷೇತ್ರಗಳಲ್ಲಿ ಡೊನೆಗಾಲ್ ಒಂದೇ 'ಬೇಡ' ಅಂದದ್ದು. ತಮಾಷೆ ನೋಡಿ, 1983ರಲ್ಲಿ ಆ ತಿದ್ದುಪಡಿ ಬೇಕು ಅಂದವರೂ ಹೆಚ್ಚುಕಡಿಮೆ ಇಷ್ಟೇ ಇದ್ದರು.

2019ರ ಜನವರಿಯಿಂದ 12 ವಾರದವರೆಗೆ ಕಾರಣ ಹೇಳದೆ ಗರ್ಭಪಾತ ಮಾಡಿಸಿಕೊಳ್ಳಬಹುದು. ಆದರೆ ವೈದ್ಯರನ್ನು ಕಂಡ ಮೇಲೆ 3 ದಿನ ಕಾಯಬೇಕು ಅನ್ನೋ ಷರತ್ತು ಸೇರಿಸಿದರು. ಅದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ.

ಇನ್ನು ನಿಮ್ಮ ಪತ್ರದ ವಿಷಯ. ನಮ್ಮ ಭಾರತದಲ್ಲಿ 1971ರಿಂದಲೇ ಗರ್ಭಪಾತಕ್ಕೆ ಅವಕಾಶ ಕೊಡುವ ಕಾನೂನಿದೆ, 2021ರಲ್ಲಿ ಕೆಲವರಿಗೆ ಮಿತಿಯನ್ನು 24 ವಾರಕ್ಕೆ ಏರಿಸಿದರು. ಹಾಗಾಗಿ 'ಹೆಣ್ಣುಮಕ್ಕಳ ಹಕ್ಕು ಕಾಪಾಡಿ' ಅಂತ ಬರೆಯಬೇಡಿ, ಅದಕ್ಕೆ ಎಲ್ಲರೂ ತಲೆಯಾಡಿಸುತ್ತಾರೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಸೇವೆ ವಾರಕ್ಕೆ ಎಷ್ಟು ದಿನ ಸಿಗುತ್ತೆ, ಸಿಗದಿದ್ದರೆ ಯಾಕೆ, ಇದಷ್ಟನ್ನೇ ಕೇಳಿ. ಲಿಖಿತ ಉತ್ತರ ಬರೋವರೆಗೂ ಬಿಡಬೇಡಿ.