ಪಿಎಚ್‌ಡಿ ಎರಡನೇ ವರ್ಷದಲ್ಲೇ ಇಸಿಎಂ ಸಮ್ಮೇಳನಕ್ಕೆ ಹೋಗಬಹುದಾ?

ಕೊಲಾಜೆನ್ (ಚರ್ಮ, ಮೂಳೆಗಳಿಗೆ ಬಲ ಕೊಡುವ ಪ್ರೋಟೀನ್) ಮೇಲೆ ಕೆಲಸ, ಇನ್ನೂ ಎರಡನೇ ವರ್ಷ, ಕೈಯಲ್ಲಿರುವುದು ಅರ್ಧಂಬರ್ಧ ಫಲಿತಾಂಶ. ಹೀಗಿರುವಾಗ ಎಕ್ಸ್‌ಟ್ರಾಸೆಲ್ಯುಲರ್ ಮ್ಯಾಟ್ರಿಕ್ಸ್ (ಇಸಿಎಂ, ಅಂದರೆ ಜೀವಕೋಶಗಳ ಸುತ್ತ ಆಧಾರವಾಗಿರುವ ಹೆಣಿಗೆ) ಸಮ್ಮೇಳನಕ್ಕೆ ಹೋಗಿ ಏನು ಮಾಡಲಿ, ಗೈಡ್ ಹತ್ತಿರ ಹೇಗೆ ಕೇಳಲಿ ಅಂತ ಕೇಳಿದ್ದೀರಿ. ಹೋಗಿ. ಅರ್ಧಂಬರ್ಧ ಇರುವಾಗಲೇ ಹೋಗಿ.

ನನ್ನ ಮೊದಲ ಪೋಸ್ಟರ್ ಕೊಲಾಜೆನ್ ಜೆಲ್ ಒಳಗೆ ಜೀವಕೋಶಗಳು ಹೇಗೆ ಓಡಾಡುತ್ತವೆ ಅನ್ನುವುದರ ಬಗ್ಗೆ ಇತ್ತು. ಒಂದು ವಾರ ಬಂದ ಫಲಿತಾಂಶ ಮುಂದಿನ ವಾರ ಬರುತ್ತಿರಲಿಲ್ಲ. ಮೂರು ತಿಂಗಳು ಜೀವಕೋಶಗಳನ್ನೇ ಅನುಮಾನಿಸಿದ್ದೆ. ಪೋಸ್ಟರ್ ಮುಂದೆ ನಿಂತ ಹಿರಿಯರೊಬ್ಬರು ಚಿತ್ರಗಳನ್ನು ನೋಡಿ, ಜೆಲ್ ಗಟ್ಟಿಯಾಗುವಾಗ ಎಷ್ಟು ಡಿಗ್ರಿಯಲ್ಲಿ ಇರುತ್ತೆ ಅಂತ ಕೇಳಿದರು. 37 ಅಂದೆ. ಇನ್‌ಕ್ಯುಬೇಟರ್‌ಗೆ ಇಡೋ ಮುಂಚೆ ಎಷ್ಟು ಹೊತ್ತು ಹೊರಗಿರುತ್ತೆ ಅಂದರು. ನನಗೆ ಉತ್ತರ ಗೊತ್ತಿರಲಿಲ್ಲ, ಯಾಕೆಂದರೆ ಅದು ಲೆಕ್ಕಕ್ಕೆ ಬರುವ ವಿಷಯ ಅಂತಲೇ ಅನಿಸಿರಲಿಲ್ಲ. ತಣ್ಣಗಿದ್ದಾಗ ಕೊಲಾಜೆನ್ ನಿಧಾನವಾಗಿ ಹೆಣೆದುಕೊಳ್ಳುತ್ತದೆ, ಎಳೆಗಳು ದಪ್ಪಗಾಗುತ್ತವೆ, ನಡುವಿನ ಸಂದು ದೊಡ್ಡದಾಗುತ್ತದೆ, ಜೀವಕೋಶ ಸಲೀಸಾಗಿ ನುಸುಳಿಕೊಂಡು ಹೋಗುತ್ತದೆ. ಕೆಲವು ದಿನ ನಾನು ಜೆಲ್ಲನ್ನು ಮೇಜಿನ ಮೇಲೆ ಜಾಸ್ತಿ ಹೊತ್ತು ಬಿಟ್ಟಿರುತ್ತಿದ್ದೆ, ಅಷ್ಟೇ. ಎಲ್ಲ ಮುಗಿಸಿಕೊಂಡು ಹೋಗೋಣ ಅಂತ ಕಾದಿದ್ದರೆ ಇದು ತಿಳಿಯಲು ಇನ್ನೂ ಒಂದು ವರ್ಷ ಬೇಕಾಗುತ್ತಿತ್ತು.

ನಮ್ಮ ಕ್ಷೇತ್ರದಲ್ಲಿ ಇಂಥ ಕೈಗುಟ್ಟುಗಳು ತುಂಬಾ ಇವೆ. ಜೀವಕೋಶ ಬೆಳೆಸಲು ಬಳಸುವ ಮ್ಯಾಟ್ರಿಜೆಲ್ ಅನ್ನುವ ಜೆಲ್ ಇಲಿಯ ಕ್ಯಾನ್ಸರ್ ಗೆಡ್ಡೆಯಿಂದ ತೆಗೆದದ್ದು, ಒಂದು ಬ್ಯಾಚ್ ಇದ್ದಂತೆ ಇನ್ನೊಂದು ಇರುವುದಿಲ್ಲ. ಪ್ರೋಟೀನ್ ತುಣುಕುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿ ಮಾಡಿದಾಗ, ಪ್ರೋಲಿನ್ ಅನ್ನುವ ಅಮೈನೊ ಆಮ್ಲಕ್ಕೆ ಹೈಡ್ರಾಕ್ಸಿಲ್ ಸೇರಿರುತ್ತದೆ ಅನ್ನುವುದನ್ನು ಹುಡುಕಾಟದಲ್ಲಿ ಸೇರಿಸದಿದ್ದರೆ ಕೊಲಾಜೆನ್‌ನ ಎಷ್ಟೋ ತುಣುಕುಗಳು ಕಣ್ಣಿಗೇ ಬೀಳುವುದಿಲ್ಲ. ಪ್ರಬಂಧಗಳಲ್ಲಿ ಇದೆಲ್ಲ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ, ಪೋಸ್ಟರ್ ಮುಂದೆ ಅರ್ಧ ಗಂಟೆ ಮಾತಾಡುತ್ತಾರೆ.

ಪ್ರಶ್ನೆ ಕೇಳಲು ಹೆದರಬೇಡಿ. ಮ್ಯಾಟ್ರಿಸೋಮ್ ಪಟ್ಟಿಯಲ್ಲಿ (ಇಸಿಎಂಗೆ ಸಂಬಂಧಿಸಿದ ಎಲ್ಲ ಜೀನ್‌ಗಳ ಪಟ್ಟಿ) ಸುಮಾರು 1000 ಜೀನ್‌ಗಳಿವೆ, ಕೊಲಾಜೆನ್ ಒಂದರಲ್ಲೇ 28 ಬಗೆ. ಮೂಳೆಯವರಿಗೆ ಶ್ವಾಸಕೋಶದ್ದು ಗೊತ್ತಿರುವುದಿಲ್ಲ, ಕ್ಯಾನ್ಸರ್‌ನವರಿಗೆ ಕೀಲಿನದು ಗೊತ್ತಿರುವುದಿಲ್ಲ, ಹಾಗಾಗಿ ಅಲ್ಲಿ ಎಲ್ಲರೂ ಯಾವುದೋ ಒಂದು ಕಡೆ ಹೊಸಬರೇ ಅಲ್ವಾ?

ಸಾಧ್ಯವಾದರೆ ಮೊದಲು ಚಿಕ್ಕ ಸಭೆಯನ್ನೇ ಆರಿಸಿ. ಗಾರ್ಡನ್ ರಿಸರ್ಚ್ ಕಾನ್ಫರೆನ್ಸ್ ಅಂತ ಒಂದೊಂದೇ ವಿಷಯದ ಮೇಲೆ ನಡೆಯುವ ಚಿಕ್ಕ ಸಭೆಗಳಿವೆ. ಅದರಲ್ಲಿ ಕೊಲಾಜೆನ್ ಸಮ್ಮೇಳನಕ್ಕೆ ಮುಂಚೆ ವಿದ್ಯಾರ್ಥಿಗಳು, ಪೋಸ್ಟ್‌ಡಾಕ್‌ಗಳೇ ಸೇರಿ ನಡೆಸುವ ಸೆಮಿನಾರ್ ಇರುತ್ತದೆ. ಅಲ್ಲಿ ನಾಲ್ಕು ಮುಖ ಪರಿಚಯವಾದರೆ ಮುಂದಿನ ದಿನಗಳ ಊಟದ ಮೇಜಿನಲ್ಲಿ ಒಂಟಿಯಾಗಿ ಕೂರಬೇಕಾಗಿಲ್ಲ. ಗಾರ್ಡನ್ ಸಭೆಗಳಲ್ಲಿ ಫೋಟೊ ತೆಗೆಯುವಂತಿಲ್ಲ, ಕೇಳಿದ್ದನ್ನು ಹೊರಗೆ ಉಲ್ಲೇಖಿಸುವಂತಿಲ್ಲ. ಅದಕ್ಕೇ ಜನ ಪ್ರಕಟವಾಗದ ಕೆಲಸವನ್ನೂ ತೋರಿಸುತ್ತಾರೆ.

ಸಮ್ಮೇಳನ ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು. ಟ್ರಾವೆಲ್ ಗ್ರಾಂಟ್ ಹಣವನ್ನು ದಯವಿಟ್ಟು ಮುಂಚೆಯೇ ಕೊಡಿ. ಮೊದಲು ನೀವು ಖರ್ಚು ಮಾಡಿ, ಬಿಲ್ ಕಳಿಸಿ, ಆಮೇಲೆ ಕೊಡುತ್ತೇವೆ ಅಂದರೆ ಕೈಯಲ್ಲಿ ಹಣ ಇಲ್ಲದವರಿಗೆ ಆ ಗ್ರಾಂಟ್ ಸಿಕ್ಕಿದರೂ ಸಿಗದ ಹಾಗೆಯೇ. ವೀಸಾ ಪತ್ರವನ್ನೂ ಬೇಗ ಕಳಿಸಿ. ಮತ್ತೆ, ಪ್ರತಿ ಉಪನ್ಯಾಸದ ನಂತರ ಮೊದಲ ಪ್ರಶ್ನೆಯನ್ನು ವಿದ್ಯಾರ್ಥಿಗೇ ಬಿಡಿ. ಇದಕ್ಕೆ ಖರ್ಚೇ ಇಲ್ಲ.

ಇನ್ನು ಗೈಡ್ ವಿಷಯ. "ಹೋಗಲಾ?" ಅಂತ ಸುಮ್ನೆ ಕೇಳಬೇಡಿ. ಒಂದು ಪುಟದ ಅಬ್‌ಸ್ಟ್ರಾಕ್ಟ್ ಬರೆದು, ಕಳಿಸಲು ಕೊನೆಯ ದಿನ ಯಾವಾಗ, ಯಾವ ಗ್ರಾಂಟ್‌ಗೆ ಅರ್ಜಿ ಹಾಕುತ್ತೀರಿ, ಅಲ್ಲಿ ಯಾವ ಮೂವರನ್ನು ಮಾತಾಡಿಸಬೇಕು ಅಂತಿದ್ದೀರಿ, ಎಲ್ಲವನ್ನೂ ಒಂದೇ ಮೇಲ್‌ನಲ್ಲಿ ಕಳಿಸಿ. ಆ ಮೂವರಲ್ಲಿ ಒಬ್ಬರಾದರೂ ನಿಮ್ಮ ಗೈಡ್‌ಗೆ ಪರಿಚಯ ಇದ್ದೇ ಇರುತ್ತಾರೆ, ಮಾತು ಅಲ್ಲಿಂದಲೇ ಶುರುವಾಗುತ್ತದೆ.